ಹಿಂದಿನ ಬೆಂಚಿಗೂ ಮಾತು ಮುಟ್ಟಲಿ: ತರಗತಿ, ಸಭಾಂಗಣಗಳ ಗದ್ದಲ ತಗ್ಗಿಸುವ ಕ್ರಮ

ಖಾಲಿ ತರಗತಿಯ ಕೊನೆಯ ಬೆಂಚಿನಲ್ಲಿ ಕೂತುಕೊಳ್ಳಿ. ಮುಂದೆ ಬೋರ್ಡಿನ ಹತ್ತಿರ ಒಬ್ಬರನ್ನು ನಿಲ್ಲಿಸಿ, ಅಲೆ, ಕಲೆ, ತಲೆ, ಬಲೆ, ಬೆಲೆ, ನೆಲೆ, ಸೆಲೆ ಎಂಬ ಪದಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ, ಸಹಜ ದನಿಯಲ್ಲಿ ಓದಲು ಹೇಳಿ. ಬರೀ ಪದ ಸಾಲದು. ‘ಈಗ ತಲೆ ಎಂದು ಬರೆಯಿರಿ’, ‘ಈಗ ಬಲೆ ಎಂದು ಬರೆಯಿರಿ’ ಎಂದು ವಾಕ್ಯದೊಳಗೆ ಕೂರಿಸಿ ಹೇಳಲಿ. ಅವರ ಬಾಯಿ ಕಾಣದಂತೆ ನೀವು ತಲೆ ತಗ್ಗಿಸಿ, ಕೇಳಿಸಿದ್ದನ್ನು ಬರೆದುಕೊಳ್ಳಿ. ಇಪ್ಪತ್ತು ಸಲ ಆದ ಮೇಲೆ ಹೋಲಿಸಿ ನೋಡಿ.

ಕೆಟ್ಟ ಕೋಣೆಯಲ್ಲಿ ‘ಲೆ’ ಪ್ರತಿ ಸಲವೂ ಕಿವಿಗೆ ಬೀಳುತ್ತದೆ, ಮೊದಲ ವ್ಯಂಜನ ಮಾತ್ರ ಮಾಯ. ಸ್ವರಗಳು ಬಲವಾದ, ಉದ್ದನೆಯ ಸದ್ದುಗಳು. ವ್ಯಂಜನಗಳು ಕ್ಷೀಣ, ಕ್ಷಣಿಕ. ಗೋಡೆಯಿಂದ ಗೋಡೆಗೆ ಬಡಿದು ಉಳಿದುಕೊಂಡ ‘ಈಗ’ದ ಬಾಲ ಬಂದು ‘ತ’ದ ಮೇಲೆ ಕೂರುತ್ತದೆ. ಅದಕ್ಕಾಗಿಯೇ ವಾಕ್ಯದೊಳಗೆ ಹೇಳಿಸಬೇಕು ಎಂದದ್ದು. ಇನ್ನೊಂದು ಮಾತು: ದೊಡ್ಡವರು ಕೋಣೆ ಪರೀಕ್ಷಿಸಿ ‘ಪರವಾಗಿಲ್ಲ, ಕೇಳುತ್ತೆ’ ಎಂದರೆ ನಂಬಬೇಡಿ. ಕೇಳದ ಅಕ್ಷರವನ್ನು ಅವರು ಸಂದರ್ಭ ನೋಡಿ ತುಂಬಿಕೊಳ್ಳುತ್ತಾರೆ. ಆ ಪದವನ್ನೇ ಇವತ್ತು ಮೊದಲ ಸಲ ಕೇಳುತ್ತಿರುವ ಮಗು ಯಾವುದರಿಂದ ತುಂಬಿಕೊಳ್ಳಬೇಕು?

ಮೊದಲ ಹೆಜ್ಜೆ: ರೋಗ ಯಾವುದೆಂದು ಗೊತ್ತುಮಾಡಿ

ತೊಂದರೆ ಎರಡು ಬಗೆಯದು. ಒಂದು, ಕೋಣೆಯೊಳಗೆ ಹುಟ್ಟಿದ ಸದ್ದು ಬೇಗ ಸಾಯದೆ ಗುಂಯ್‌ಗುಡುವುದು, ಇದು ಅನುರಣನ. ಇನ್ನೊಂದು, ರಸ್ತೆ, ಪಕ್ಕದ ತರಗತಿ, ಫ್ಯಾನು, ಪಂಪುಗಳಿಂದ ಬರುವ ಗದ್ದಲ. ಮೊದಲನೆಯದಕ್ಕೆ ಹಗುರವಾದ, ಗಾಳಿಯಾಡುವ, ನಾರಿನಂಥ ವಸ್ತು ಬೇಕು. ಎರಡನೆಯದನ್ನು ತಡೆಯಲು ಭಾರವಾದ, ಸಂದಿಯೇ ಇಲ್ಲದ ತಡೆ ಬೇಕು. ಪಕ್ಕದ ತರಗತಿಯ ಪಾಠ ಕೇಳಿಸುತ್ತದೆಂದು ಗೋಡೆಗೆ ಫೋಮ್ ಅಂಟಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಫೋಮಿನಲ್ಲಿ ತೂಕವೇ ಇಲ್ಲ, ಸದ್ದು ಅದರೊಳಗಿಂದ ನಡೆದು ಬರುತ್ತದೆ. ಈ ಕೆಲಸದಲ್ಲಿ ಪೋಲಾಗುವ ಹಣದ ಬಹುಪಾಲು ಈ ಒಂದು ಗೊಂದಲದಲ್ಲೇ ಪೋಲಾಗುತ್ತದೆ.

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಕೂಡಲೇ ‘ಟಪ್’ ಎಂದು ನಿಂತರೆ ಒಳ್ಳೆಯದು. ‘ಟಪ್ಪ್‌ಹ್ಹ್’ ಎಂದು ಎಳೆದರೆ ಅನುರಣನ ಹೆಚ್ಚು. ‘ಟರ್ರ್’ ಎಂದು ನಡುಗುವ ಸದ್ದು ಬಂದರೆ ಎದುರುಬದುರಾದ ಎರಡು ಬೋಳು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಓಡಾಡುತ್ತಿದೆ ಎಂದರ್ಥ.

ಗದ್ದಲ ಅಳೆಯಲು ಮೀಟರ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಫೋನಿನ ಆ್ಯಪ್ ಸಾಕು. ಆ್ಯಪಿನ ಅಂಕಿ ಕೆಲವು ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಆಚೀಚೆ ಇರಬಹುದು, ಆದರೆ ಅದೇ ಫೋನು ತೋರಿಸುವ ವ್ಯತ್ಯಾಸವನ್ನು ನೆಚ್ಚಿಕೊಳ್ಳಬಹುದು. ‘ಎ’ ತೂಕದ ಅಳತೆ (ಮನುಷ್ಯರ ಕಿವಿಗೆ ಕೇಳುವ ರೀತಿಗೆ ಹೊಂದಿಸಿದ್ದು) ಆಯ್ದುಕೊಂಡು, ಕೂತ ಮಗುವಿನ ಕಿವಿಯ ಎತ್ತರಕ್ಕೆ ಹಿಡಿದು ನಾಲ್ಕು ಸಲ ಅಳೆಯಿರಿ: ಎಲ್ಲವನ್ನೂ ಆಫ್ ಮಾಡಿ ಕಿಟಕಿ ಮುಚ್ಚಿದಾಗ, ಫ್ಯಾನ್ ಮಾತ್ರ ಹಾಕಿದಾಗ, ಕಿಟಕಿ ಮಾತ್ರ ತೆರೆದಾಗ, ಪಕ್ಕದ ಕೋಣೆಯಲ್ಲಿ ಪಾಠ ನಡೆಯುವಾಗ. ಈ ನಾಲ್ಕು ಅಂಕಿಗಳೇ ನಿಮ್ಮ ಕೆಲಸದ ಪಟ್ಟಿ.

ಯಾಕೆಂದರೆ ಡೆಸಿಬೆಲ್‌ಗಳನ್ನು ಸಾಮಾನ್ಯ ಸಂಖ್ಯೆಗಳಂತೆ ಕೂಡಲು ಬರುವುದಿಲ್ಲ. ಫ್ಯಾನಿನ ಸದ್ದು 52, ಕಿಟಕಿಯಿಂದ ಬರುವುದು 44 ಎಂದಿಟ್ಟುಕೊಳ್ಳಿ. ಎರಡೂ ಸೇರಿದರೆ 52.6, ಅಷ್ಟೇ. ಈಗ ಎಷ್ಟೇ ದುಬಾರಿ ಕಿಟಕಿ ಹಾಕಿಸಿ ಹೊರಗಿನ ಸದ್ದನ್ನು ಪೂರ್ತಿ ನಿಲ್ಲಿಸಿದರೂ ಇಳಿಯುವುದು 0.6 ಡೆಸಿಬೆಲ್, ಯಾರ ಕಿವಿಗೂ ಅದು ಗೊತ್ತಾಗದು. ಮೊದಲು ಫ್ಯಾನ್, ಆಮೇಲೆ ಕಿಟಕಿ.

ಗುರಿ ಎಷ್ಟಿರಬೇಕು? ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ತರಗತಿಗೆ ಹೇಳಿದ್ದು ಹಿನ್ನೆಲೆ ಗದ್ದಲ 35 ಡೆಸಿಬೆಲ್, ಅನುರಣನ ಕಾಲ, ಅಂದರೆ ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತು, ಸುಮಾರು 0.6 ಸೆಕೆಂಡ್. ಈ 35ರ ಹಿಂದೆ ಲೆಕ್ಕವಿದೆ. ಸ್ವಲ್ಪ ದನಿ ಎತ್ತಿ ಮಾತಾಡುವವರ ಮಾತು 1 ಮೀಟರ್ ದೂರದಲ್ಲಿ 65 ಡೆಸಿಬೆಲ್ ಆಸುಪಾಸು. ದೂರ ಇಮ್ಮಡಿಯಾದಾಗಲೆಲ್ಲ ನೇರ ದನಿ 6 ಇಳಿಯುತ್ತದೆ. 8 ಮೀಟರ್ ಆಚೆ ಉಳಿಯುವುದು 47. ಚಾವಣಿ, ಗೋಡೆಗಳಿಂದ ಬೇಗ ಮರಳುವ ಸದ್ದು ಅದನ್ನು ಕೊಂಚ ಎತ್ತುತ್ತದೆ. ಮಕ್ಕಳಿಗೆ ಮಾತು ಸ್ಪಷ್ಟವಾಗಬೇಕಾದರೆ ದನಿ ಗದ್ದಲಕ್ಕಿಂತ 15 ಡೆಸಿಬೆಲ್ ಮೇಲಿರಬೇಕು. ಕಳೆದು ನೋಡಿ, 35ರ ಹತ್ತಿರವೇ ಬರುತ್ತದೆ. ಕಿವಿ ಮಂದವಾದ ಮಕ್ಕಳಿರುವ ತರಗತಿಯಲ್ಲಿ ಅನುರಣನ 0.4 ಸೆಕೆಂಡಿಗೆ ಇಳಿಯಬೇಕು.

ಎರಡನೇ ಹೆಜ್ಜೆ: ಹುಟ್ಟುವ ಕಡೆಯೇ ಸದ್ದು ಅಡಗಿಸಿ

ಖರ್ಚು ಕಡಿಮೆ, ಫಲ ಹೆಚ್ಚು ಇರುವ ಹೆಜ್ಜೆ ಇದು. ಹಾಗಾಗಿಯೋ ಏನೋ, ಯಾರೂ ಮಾಡುವುದಿಲ್ಲ.

ಫ್ಯಾನಿನ ಸದ್ದು ವೇಗದ ಜೊತೆ ಬಹಳ ಕಡಿದಾಗಿ ಏರುತ್ತದೆ. ವೇಗ ಅರ್ಧಕ್ಕಿಳಿದರೆ ಸುಮಾರು 15 ಡೆಸಿಬೆಲ್, ಐದನೇ ಒಂದು ಭಾಗ ಇಳಿದರೆ ಸುಮಾರು 5 ಡೆಸಿಬೆಲ್ ತಗ್ಗುತ್ತದೆ. ಎರಡು ಫ್ಯಾನ್‌ಗಳನ್ನು ಪೂರ್ತಿ ವೇಗದಲ್ಲಿ ಓಡಿಸುವುದಕ್ಕಿಂತ ನಾಲ್ಕನ್ನು ನಿಧಾನವಾಗಿ ಓಡಿಸುವುದು ಮೇಲು. ಓಲಾಡುವ ಫ್ಯಾನಿನಲ್ಲಿ ರೆಕ್ಕೆಯ ಸ್ಕ್ರೂ ಬಿಗಿಮಾಡಿ, ಪ್ರತಿ ರೆಕ್ಕೆಯ ತುದಿ ಚಾವಣಿಯಿಂದ ಎಷ್ಟು ಕೆಳಗಿದೆ ಎಂದು ಅಳೆಯಿರಿ. ಒಂದು ರೆಕ್ಕೆ ಬಾಗಿದ್ದರೂ ಓಲಾಟ ನಿಲ್ಲುವುದಿಲ್ಲ. ಕೊಕ್ಕೆಗೆ ಸಿಕ್ಕಿಸುವ ಜಾಗದ ರಬ್ಬರ್ ಬುಷ್ ಸವೆದಿದ್ದರೆ ಬದಲಿಸಿ. ‘ಗರ್’ ಎಂಬ ಸದ್ದು ಬೇರಿಂಗಿನದು, ಎಣ್ಣೆ ಬಿಟ್ಟರೆ ಎರಡು ವಾರ ಸುಮ್ಮನಿರುತ್ತದೆ ಅಷ್ಟೇ, ಬೇರಿಂಗನ್ನೇ ಹಾಕಿಸಿ. ಹಳೆಯ ಟ್ಯೂಬ್‌ಲೈಟಿನ ಚೋಕ್ ಗುಂಯ್ ಎನ್ನುತ್ತಿದ್ದರೆ ಎಲ್‌ಇಡಿಗೆ ಬದಲಿಸುವುದೇ ಮದ್ದು.

ಮೇಲಿನ ಮಹಡಿಯ ಕುರ್ಚಿ ಎಳೆದ ಸದ್ದು ಕೆಳಗಿನವರ ತಲೆಯ ಮೇಲೇ ಕೇಳುತ್ತದೆ. ಅದು ಕಾಂಕ್ರೀಟಿಗೇ ಇಳಿದ ಕಂಪನ. ಕೆಳಗಿನ ಕೋಣೆಯಲ್ಲಿ ಏನು ಅಂಟಿಸಿದರೂ ಪ್ರಯೋಜನ ಕಡಿಮೆ. ಮೇಲೆ, ಕುರ್ಚಿಯ ಕಾಲಿಗೆ ರಬ್ಬರ್ ಬೂಟು ಹಾಕಬೇಕು. ಅಂಟಿಸುವ ಫೆಲ್ಟ್ ತುಂಡುಗಳು ತಿಂಗಳೊಪ್ಪತ್ತಿನಲ್ಲಿ ಉದುರುತ್ತವೆ. ಕಾಲಿನ ಅಳತೆಗೆ ಬಿಗಿಯಾಗಿ ಕೂರುವ ಟೊಪ್ಪಿಗೆಯಂಥವೇ ಬಾಳಿಕೆ ಬರುವುದು.

ಮೂರನೇ ಹೆಜ್ಜೆ: ಸಂದಿ ಮುಚ್ಚಿ

ಕತ್ತಲಾದ ಮೇಲೆ ಕೋಣೆಯೊಳಗೆ ಜೋರಾದ ಲೈಟು ಹಾಕಿ, ಹೊರಗೆ ನಿಂತು ಬಾಗಿಲ ಸುತ್ತ ನೋಡಿ. ಬೆಳಕು ಹೊರಬರುವ ಪ್ರತಿ ಜಾಗದಿಂದಲೂ ಸದ್ದು ಒಳಬರುತ್ತದೆ. ಒಂದು ಗೋಡೆಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲು ಕೋಟೆಯಂತಿದ್ದರೂ ಆ ಗೋಡೆ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಸಾವಿರಕ್ಕೆ ಒಂದು ಪಾಲಾದರೂ 30ಕ್ಕೆ ನಿಂತುಬಿಡುತ್ತದೆ. ಬಾಗಿಲ ಕೆಳಗಿನ ಒಂದು ಬೆರಳು ಸಂದಿಯ ಮಹಿಮೆ ಇಷ್ಟು.

ಚೌಕಟ್ಟಿನ ಮೂರು ಬದಿಗೆ ಒತ್ತಿದರೆ ಕುಗ್ಗುವ ರಬ್ಬರ್ ಪಟ್ಟಿ, ಕೆಳಗೆ ಬಾಗಿಲು ಮುಚ್ಚಿದಾಗ ತಾನೇ ಇಳಿಯುವ ಸೀಲು ಅಥವಾ ಕನಿಷ್ಠ ರಬ್ಬರ್ ನಾಲಿಗೆಯ ಪಟ್ಟಿ ಹಾಕಿ. ಒಳಗೆ ಪೊಳ್ಳಾದ ಬಾಗಿಲಿಗೆ ಸೀಲು ಹಾಕಿ ಪ್ರಯೋಜನವಿಲ್ಲ, 40 ಮಿ.ಮೀ. ದಪ್ಪದ ಗಟ್ಟಿ ಬಾಗಿಲು ಬೇಕು. ಸೀಲು ಹಾಕಿದ ಬಾಗಿಲನ್ನು ಮುಚ್ಚಲು ಸ್ವಲ್ಪ ಬಲ ಬೇಕಾಗುತ್ತದೆ. ಸಣ್ಣ ಮಕ್ಕಳ ಕೈಗೆ ಅದು ಸಾಗುತ್ತದೆಯೇ ಎಂದು ನೋಡಿಕೊಳ್ಳಿ. ಸಾಗದಿದ್ದರೆ ಬಾಗಿಲು ಅರ್ಧ ತೆರೆದೇ ಇರುತ್ತದೆ, ಪಟ್ಟ ಶ್ರಮ ವ್ಯರ್ಥ.

ಎರಡು ತರಗತಿಗಳ ನಡುವಿನ ಗೋಡೆ ತೆಳು ಚಾವಣಿಯ (ಫಾಲ್ಸ್ ಸೀಲಿಂಗ್) ಮಟ್ಟಕ್ಕೆ ನಿಂತಿದೆಯೇ, ಅದನ್ನು ದಾಟಿ ನಿಜವಾದ ಸ್ಲ್ಯಾಬಿನವರೆಗೆ ಹೋಗಿದೆಯೇ? ಒಂದು ಟೈಲ್ ಎತ್ತಿ ಟಾರ್ಚ್ ಬಿಟ್ಟು ನೋಡಿ. ಪಕ್ಕದ ಕೋಣೆಯ ಚಾವಣಿಯ ಬೆನ್ನು ಕಂಡರೆ ದನಿ ಬರುವ ದಾರಿಯೂ ಅದೇ. ಮೇಲಿನ ಭಾಗವನ್ನು ಇಟ್ಟಿಗೆಯಿಂದಲೋ ಎರಡು ಪದರ ಜಿಪ್ಸಂ ಹಲಗೆಯಿಂದಲೋ ಮುಚ್ಚಿ, ಅಂಚುಗಳಿಗೆ ಗಟ್ಟಿಗೊಂಡು ಬಿರುಕು ಬಿಡದ ಸೀಲಂಟ್ ಹಾಕಿ. ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದ ಸ್ವಿಚ್ ಬಾಕ್ಸ್‌ಗಳನ್ನೂ ನೋಡಿ. ಅವುಗಳ ನಡುವೆ ಗೋಡೆಯೇ ಇರುವುದಿಲ್ಲ.

ಕಿಟಕಿಯದು ಇಕ್ಕಟ್ಟಿನ ವಿಷಯ. ಮುಚ್ಚಿದ 4 ಮಿ.ಮೀ. ಗಾಜು 25ರಿಂದ 30 ಡೆಸಿಬೆಲ್ ತಡೆದೀತು. ಅರೆ ತೆರೆದ ಕಿಟಕಿ 10–15 ಮಾತ್ರ. ಹಾಗೆಂದು ಮಕ್ಕಳನ್ನು ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಕೂರಿಸಬಾರದು. ಗದ್ದಲದ ರಸ್ತೆಯ ಕಡೆಯದನ್ನು ಮುಚ್ಚಿ ಎದುರು ಬದಿಯದನ್ನು ತೆರೆಯುವುದು ಮೊದಲ ಉಪಾಯ. ಅದಾಗದಿದ್ದರೆ ಗಾಳಿಕಿಂಡಿಗೆ ಅಂಕುಡೊಂಕಾದ ಪೆಟ್ಟಿಗೆ ಕಟ್ಟಿ, ಒಳಮೈಗೆ ನಾರಿನ ಹಾಸು ಕೊಡಬೇಕು: ಗಾಳಿ ತಿರುಗಿಕೊಂಡು ಬರುತ್ತದೆ, ಸದ್ದು ತಿರುವಿನಲ್ಲಿ ಸೋರಿ ಹೋಗುತ್ತದೆ. ಕಿಟಕಿಗೆ ಎರಡನೇ ಗಾಜು ಹಾಕುವುದಾದರೆ ಮೊದಲನೆಯದರಿಂದ 100 ಮಿ.ಮೀ. ಆದರೂ ದೂರವಿರಲಿ. ಹತ್ತಿರ ಹಾಕಿದ ಜೋಡಿ ಗಾಜು ಶಾಖ ತಡೆಯುತ್ತದೆಯೇ ಹೊರತು ಲಾರಿಯ ಗುಡುಗು ತಡೆಯುವುದಿಲ್ಲ.

ನಾಲ್ಕನೇ ಹೆಜ್ಜೆ: ಎಷ್ಟು ಹೀರುವ ವಸ್ತು ಬೇಕೆಂದು ಲೆಕ್ಕ ಹಾಕಿ

ಸೂತ್ರ ಒಂದೇ. ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುತ್ತಿಲ್ಲವೆಂದು 1895ರಲ್ಲಿ ಆ ಕೆಲಸಕ್ಕಿಳಿದ ಭೌತವಿಜ್ಞಾನಿ ವ್ಯಾಲೆಸ್ ಸೆಬೈನ್, ರಾತ್ರಿ ಹೊತ್ತು ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಹಾಕಿ ತೆಗೆದು ಕಂಡುಕೊಂಡದ್ದು:

ಅನುರಣನ ಕಾಲ (ಸೆಕೆಂಡ್) = 0.161 × ಕೋಣೆಯ ಗಾತ್ರ (ಘನ ಮೀಟರ್) ÷ ಒಟ್ಟು ಹೀರುವಿಕೆ (ಚದರ ಮೀಟರ್)

ಪ್ರತಿ ಮೇಲ್ಮೈಯ ವಿಸ್ತೀರ್ಣವನ್ನು ಅದರ ಹೀರುವ ಗುಣಾಂಕದಿಂದ (ಬಡಿದ ಸದ್ದಿನಲ್ಲಿ ಅದು ಹೀರುವ ಪಾಲು) ಗುಣಿಸಿ ಕೂಡಿದರೆ ಒಟ್ಟು ಹೀರುವಿಕೆ. 9 × 7 ಮೀಟರ್, 3.2 ಮೀಟರ್ ಎತ್ತರದ ತರಗತಿ ತೆಗೆದುಕೊಳ್ಳೋಣ. ಗಾತ್ರ 201.6 ಘನ ಮೀಟರ್. ಮಾತಿಗೆ ಮುಖ್ಯವಾದ ಕಂಪನಸಂಖ್ಯೆ 500 ಹರ್ಟ್ಸ್‌ನಲ್ಲಿ ಟೈಲ್ಸ್ ನೆಲ 63 × 0.02 = 1.3, ಗಾರೆ ಚಾವಣಿ 63 × 0.03 = 1.9, ಗೋಡೆ 86 × 0.03 = 2.6, ಕಿಟಕಿ ಬಾಗಿಲು 16 × 0.1 = 1.6, ಬೆಂಚು ಡೆಸ್ಕುಗಳಿಗೆ ಅಂದಾಜು 2.5. ಒಟ್ಟು 9.9. ಸೂತ್ರಕ್ಕೆ ಹಾಕಿದರೆ 3.3 ಸೆಕೆಂಡ್. 35 ಮಕ್ಕಳು ಬಂದು ಕೂತರೆ ತಲೆಗೆ 0.3ರಂತೆ 10.5 ಸೇರಿ 1.6 ಸೆಕೆಂಡಿಗೆ ಇಳಿಯುತ್ತದೆ. ಆಗಲೂ ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು.

0.6 ಸೆಕೆಂಡಿಗೆ ಬೇಕಾದ ಹೀರುವಿಕೆ 54. ಖಾಲಿ ಕೋಣೆಯ ಲೆಕ್ಕ ಹಿಡಿದರೆ ಕೊರತೆ 44. ಹೊಸ ವಸ್ತುವಿನ ಗುಣಾಂಕ 0.85 ಇದ್ದರೂ ಅದು ಮುಚ್ಚಿಹಾಕುವ ಗಾರೆಯ 0.03 ಕಳೆದು 0.82 ಎಂದೇ ಹಿಡಿಯಬೇಕು. 44 ÷ 0.82, ಅಂದರೆ 54 ಚದರ ಮೀಟರ್. ನಾಲ್ಕು ಪ್ಯಾನೆಲ್ ತೂಗುಹಾಕಿ ‘ಏನೂ ಫರಕಾಗಲಿಲ್ಲ’ ಎನ್ನುವವರು ಈ ಅಂಕಿ ನೋಡಬೇಕು. ಮೊದಲ ಅರ್ಧ ಹಾಕಿದಾಗಲೇ ಹೆಚ್ಚಿನ ಫಲ ಬಂದುಬಿಡುತ್ತದೆ ಎಂಬುದು ಸಮಾಧಾನ: 27 ಚದರ ಮೀಟರಿಗೆ 3.3 ಸೆಕೆಂಡು ಸುಮಾರು ಒಂದಕ್ಕೆ ಇಳಿಯುತ್ತದೆ. ಹಣ ಕಂತಿನಲ್ಲಿ ಬಂದರೆ ಕೆಲಸವೂ ಕಂತಿನಲ್ಲಿ ಆಗಬಹುದು.

ಚಾವಣಿ ಟೈಲ್ ಕೊಳ್ಳುವಾಗ ಡಬ್ಬಿಯ ಮೇಲಿನ ಎನ್‌ಆರ್‌ಸಿ ಅಂಕಿ (ಹೀರುವ ಗುಣಾಂಕ) ನೋಡಿ, 0.8ಕ್ಕಿಂತ ಕಡಿಮೆಯದು ಬೇಡ. ಅದು 250, 500, 1000, 2000 ಹರ್ಟ್ಸ್‌ಗಳ ಸರಾಸರಿ ಮಾತ್ರ. ಪರೀಕ್ಷೆಯನ್ನು ಹಿಂದೆ 400 ಮಿ.ಮೀ. ಖಾಲಿ ಜಾಗ ಬಿಟ್ಟು ಮಾಡಿದ್ದಾರೋ, ನೇರ ಸ್ಲ್ಯಾಬಿಗೆ ಅಂಟಿಸಿಯೋ ಎಂದು ಕೇಳಿ. ನೀವು ಅಂಟಿಸುವವರಾದರೆ ಖಾಲಿ ಜಾಗದ ಅಂಕಿ ನಿಮಗಲ್ಲ. ಒಂದಕ್ಕಿಂತ ಹೆಚ್ಚಿನ ಅಂಕಿ ತೋರಿಸಿದರೆ ಅದು ಅಂಚುಗಳ ಕೊಡುಗೆ, ಲೆಕ್ಕಕ್ಕೆ ಒಂದೆಂದೇ ಹಿಡಿಯಿರಿ.

ಐದನೇ ಹೆಜ್ಜೆ: ಎಲ್ಲಿ ಹಾಕಬೇಕು

ಎಲ್ಲವನ್ನೂ ಚಾವಣಿಗೇ ಹಾಕಿದರೆ ಅಳೆದ ಅನುರಣನ ಕಾಲ ಲೆಕ್ಕಕ್ಕಿಂತ ಹೆಚ್ಚೇ ಬರುತ್ತದೆ. ಗೋಡೆಗಳ ನಡುವೆ ಅಡ್ಡಡ್ಡ ಓಡುವ ಸದ್ದು ಚಾವಣಿಗೆ ತಾಗುವುದೇ ಇಲ್ಲ. ನಮ್ಮ ಉದಾಹರಣೆಯಲ್ಲಿ 45 ಚದರ ಮೀಟರ್ ಚಾವಣಿಗೆ, ಉಳಿದ 9 ಗೋಡೆಗೆ. ಚಾವಣಿಯಲ್ಲಿ ಹಾಕದೆ ಬಿಡುವ 18 ಚದರ ಮೀಟರ್ ಪಾಠ ಹೇಳುವವರ ಎದುರಿನಿಂದ ಮಧ್ಯದವರೆಗಿನ ಪಟ್ಟಿಯಾಗಿರಲಿ. ಅಲ್ಲಿ ಬಡಿದ ದನಿ 50 ಮಿಲಿಸೆಕೆಂಡಿನೊಳಗೆ ಹಿಂದಿನ ಬೆಂಚಿಗೆ ತಲುಪಿ ನೇರ ದನಿಗೆ ಬಲ ಕೊಡುತ್ತದೆ. ಗೋಡೆಯಲ್ಲಿ ಮೊದಲ ಆದ್ಯತೆ ಹಿಂದಿನ ಗೋಡೆಗೆ, ಎರಡನೆಯದು ಕಿಟಕಿ ಇಲ್ಲದ ಪಕ್ಕದ ಗೋಡೆಗೆ. ಕಿವಿಯ ಎತ್ತರದಿಂದ ಮೇಲೆ, ನೆಲದಿಂದ 1.2ರಿಂದ 2.4 ಮೀಟರ್ ಸರಿಯಾದ ಜಾಗ. ಬೋರ್ಡಿನ ಗೋಡೆ ಗಟ್ಟಿಯಾಗಿಯೇ ಇರಲಿ.

ಆರನೇ ಹೆಜ್ಜೆ: ಗೋಡೆಯ ಪ್ಯಾನೆಲ್ ಮಾಡುವುದು

ಒಂದು ಪ್ಯಾನೆಲ್‌ಗೆ: 1200 × 600 × 50 ಮಿ.ಮೀ. ರಾಕ್‌ವೂಲ್ ಹಲಗೆ ಒಂದು (ಕಲ್ಲಿನ ನಾರಿನದು, ಘನ ಮೀಟರಿಗೆ 48ರಿಂದ 64 ಕಿಲೋ ಸಾಂದ್ರತೆ), 75 ಮಿ.ಮೀ. ಅಗಲ 18 ಮಿ.ಮೀ. ದಪ್ಪದ ಮರದ ಪಟ್ಟಿ 1231 ಮಿ.ಮೀ.ನ ಎರಡು ಮತ್ತು 595 ಮಿ.ಮೀ.ನ ಎರಡು, 1.45 × 0.85 ಮೀಟರ್ ಬಟ್ಟೆ, ನೈಲಾನ್ ದಾರ, ಸ್ಟೇಪಲ್ ಗನ್.

ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಸದ್ದೂ ಹೋಗುತ್ತದೆ. ರೆಕ್ಸಿನ್, ಒತ್ತು ನೇಯ್ಗೆಯ ಪಾಲಿಯೆಸ್ಟರ್ ಬೇಡ. ಬೆಂಕಿ ತಡೆಯುವ ಬಟ್ಟೆಯೆಂಬ ಪ್ರಮಾಣಪತ್ರ ಕೇಳಿ.

ಉದ್ದದ ಪಟ್ಟಿಗಳ ನಡುವೆ ಗಿಡ್ಡವನ್ನು ಕೂರಿಸಿ ಮೂಲೆಗಳಿಗೆ ಅಂಟು ಮತ್ತು ಎರಡೆರಡು ಸ್ಕ್ರೂ ಹಾಕಿ. ಒಳ ಅಳತೆ 1195 × 595 ಬರುತ್ತದೆ. ಹಲಗೆಗಿಂತ 5 ಮಿ.ಮೀ. ಕಡಿಮೆ, ಹಾಗಾಗಿ ಬಿಗಿಯಾಗಿ ಕೂರುತ್ತದೆ. ಚೌಕಟ್ಟಿನ ಮುಂದಿನ ಅಂಚಿಗೆ ಸಮವಾಗಿ ಹಲಗೆ ಒತ್ತಿ, ಹಿಂದೆ ದಾರವನ್ನು ಅಂಕುಡೊಂಕಾಗಿ ಬಿಗಿದು ಸ್ಟೇಪಲ್ ಹೊಡೆಯಿರಿ. ಇಲ್ಲದಿದ್ದರೆ ವರ್ಷದೊಳಗೆ ಹಲಗೆ ಹಿಂದೆ ಸರಿದು ಬಟ್ಟೆ ಜೋಲುತ್ತದೆ. ಹಿಂದೆ ಉಳಿದ 25 ಮಿ.ಮೀ. ಪೊಳ್ಳನ್ನು ತುಂಬಬೇಡಿ. ಗೋಡೆಗೆ ಅಂಟಿದ ಕಡೆ ಗಾಳಿ ಅಲುಗುವುದಿಲ್ಲ. ಗೋಡೆಯಿಂದ ದೂರ ಹೋದಷ್ಟೂ ಅಲುಗಾಟ ಹೆಚ್ಚು, ನಾರು ಹೀರುವುದು ಆ ಅಲುಗಾಟವನ್ನೇ. ತಗ್ಗು ದನಿಗಳ ಅಲೆ ಉದ್ದ, ಹಾಗಾಗಿ ಅವಕ್ಕೆ ದಪ್ಪವೋ ಪೊಳ್ಳೋ ಬೇಕೇ ಬೇಕು.

ಬಟ್ಟೆಯನ್ನು ಮೊದಲು ನಾಲ್ಕೂ ಬದಿಯ ನಡುವೆ ಎಳೆದು ಹೊಡೆದು, ಆಮೇಲೆ ಮೂಲೆಗಳ ಕಡೆ ಬನ್ನಿ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್, ಉದ್ದ ತೋಳಿನ ಅಂಗಿ ಬೇಕು. ನವೆ ಶುರುವಾದರೆ ತಣ್ಣೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ.

ತೂಗುಹಾಕಲು ಒಂದು ಮರದ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ, ಒಂದು ಸೀಳನ್ನು ಗೋಡೆಗೂ ಇನ್ನೊಂದನ್ನು ಪ್ಯಾನೆಲ್ಲಿಗೂ ಬಿಗಿಯಿರಿ. ಒಂದರ ಮೇಲೊಂದು ಸಿಕ್ಕಿ ಕೂರುತ್ತದೆ, ಗೋಡೆಗೆ ಬಣ್ಣ ಹೊಡೆಯುವಾಗ ಎತ್ತಿ ಇಳಿಸಬಹುದು. ತೂಕ ಸುಮಾರು 5 ಕಿಲೋ. ಹನ್ನೆರಡು ಪ್ಯಾನೆಲ್‌ಗಳಿಗೆ ಸುಮಾರು 9 ಚದರ ಮೀಟರ್ ಆಗುತ್ತದೆ. ತೇವ ಹಿಡಿಯುವ ಗೋಡೆಯಾದರೆ ಮೊದಲು ತೇವ ನಿಲ್ಲಿಸಿ.

ಊಟದ ಹಾಲ್, ಸಭಾಂಗಣ, ತಗಡಿನ ಮಾಡು

ಊಟದ ಹಾಲ್, ಸರದಿಯಲ್ಲಿ ಕಾಯುವ ಕೊಠಡಿಗಳಲ್ಲಿ ಗದ್ದಲ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಪಕ್ಕದವರ ದನಿ ಜೋರಾದರೆ ನಾವೂ ಜೋರಾಗುತ್ತೇವೆ. ಹೀರುವಿಕೆ ಇಮ್ಮಡಿಸಿದರೆ ಲೆಕ್ಕದ ಪ್ರಕಾರ ಇಳಿಯುವುದು 3 ಡೆಸಿಬೆಲ್ ಮಾತ್ರ. ಜನ ದನಿ ತಗ್ಗಿಸುವುದರಿಂದ ನಿಜವಾದ ಇಳಿಕೆ ಅದಕ್ಕಿಂತ ಹೆಚ್ಚಿರುತ್ತದೆ. ಎತ್ತರದ ಹಾಲ್‌ಗಳಲ್ಲಿ ನಾರಿನ ಹಲಗೆಗಳನ್ನು ನೆಟ್ಟಗೆ ತೂಗುಬಿಟ್ಟರೆ ಎರಡೂ ಮೈ ಕೆಲಸಕ್ಕೆ ಬರುತ್ತವೆ.

ಸಭಾಂಗಣದಲ್ಲಿ ವೇದಿಕೆಯ ಮಾತು ಹಿಂದಿನ ಗೋಡೆಗೆ ಬಡಿದು 17 ಮೀಟರಿಗಿಂತ ಹೆಚ್ಚು ಸುತ್ತಿ ಮರಳಿದರೆ ಕಿವಿಗೆ ಬೇರೆಯೇ ಪ್ರತಿಧ್ವನಿಯಾಗಿ ಕೇಳುತ್ತದೆ. ಹಿಂದಿನ ಗೋಡೆಯನ್ನು ಪೂರ್ತಿ ಮುಚ್ಚಿ. ಮೈಕಿನ ವಾಲ್ಯೂಮ್ ಏರಿಸುವುದು ಪರಿಹಾರವಲ್ಲ, ಗೋಡೆಯೂ ಅಷ್ಟೇ ಜೋರಾಗಿ ಮರಳಿಸುತ್ತದೆ. ಮುಂದೆ ಎರಡು ದೊಡ್ಡ ಸ್ಪೀಕರ್ ಬದಲು ಕೇಳುವವರ ಹತ್ತಿರ ಹಲವು ಸಣ್ಣವನ್ನು ಮೆಲುದನಿಯಲ್ಲಿ ಇಡಿ.

ತಗಡಿನ ಮಾಡಿನ ಕೋಣೆಗೆ ಮಳೆ ಬಂದರೆ ಪಾಠ ನಿಲ್ಲುತ್ತದೆ. ಅಲ್ಲಿ ಹಗುರವಾದ ಚಾವಣಿ ಟೈಲ್ ಮಾತ್ರ ಹಾಕಿದರೆ ಸಾಲದು. ತಗಡಿನ ಒಳಮೈಗೆ 50 ಮಿ.ಮೀ. ಗ್ಲಾಸ್‌ವೂಲ್ ಒತ್ತಿ ನಿಲ್ಲುವಂತೆ ಹಾಕಿ, ಅದರ ಕೆಳಗೆ ಜಿಪ್ಸಂ ಹಲಗೆಯ ಭಾರದ ಚಾವಣಿ, ಅದರ ಕೆಳಗೆ ಬೇಕಾದರೆ ಹೀರುವ ಟೈಲ್: ಈ ಕ್ರಮದಲ್ಲೇ.

ಹಾಕಬಾರದವು

ಮೊಟ್ಟೆಯ ಟ್ರೇ: ತೆಳು ಕಾಗದ, ತಗ್ಗು ದನಿಗೆ ಏನೂ ಮಾಡದು, ಬೆಂಕಿಗೆ ಮಾತ್ರ ಬೇಗ ಸಿಗುತ್ತದೆ. ಥರ್ಮಾಕೋಲ್: ಒಳಗಿನ ಗುಳ್ಳೆಗಳು ಮುಚ್ಚಿದವು, ಗಾಳಿ ಹೋಗದು. ನಯವಾದ ಜಿಪ್ಸಂ ಫಾಲ್ಸ್ ಸೀಲಿಂಗ್: ನೋಡಲು ಚೆಂದ, ಸದ್ದಿಗೆ ಗಾರೆಯಷ್ಟೇ ಗಟ್ಟಿ. ಬಿಗಿಯಾಗಿ ಎಳೆದ ತೆಳು ಪರದೆ: ಹಾಕದಿದ್ದರೂ ನಡೆಯುತ್ತದೆ, ಹಾಕುವುದಾದರೆ ದಪ್ಪ ಬಟ್ಟೆಯನ್ನು ಕಿಟಕಿಯ ಎರಡರಷ್ಟು ಅಗಲ ತೆಗೆದುಕೊಂಡು ನೆರಿಗೆ ಬರುವಂತೆ ಇಳಿಬಿಡಿ.

ಸಾಮಾನ್ಯ ಪಾಲಿಯುರೆಥೇನ್ ಫೋಮಿನ ಬಗ್ಗೆ ಬಿಗಿಯಾಗಿ ಹೇಳಬೇಕು. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಒಂದು ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಗೆ ಅಂಟಿಸಿದ್ದ ಫೋಮಿಗೆ ತಗಲಿ 100 ಮಂದಿ ಸತ್ತರು. ಸದ್ದು ತಗ್ಗಿಸಲೆಂದು ಹಾಕಿದ್ದ ಫೋಮೇ ಅದು. ಮಕ್ಕಳಿರುವ ಕಟ್ಟಡಕ್ಕೆ ಅಂಥದ್ದನ್ನು ಯಾವ ರಿಯಾಯಿತಿಗೂ ತರಬೇಡಿ.

ಮತ್ತೆ ಅಳೆಯಿರಿ, ಆಮೇಲೆ ಕಾಪಾಡಿ

ಕೆಲಸ ಮುಗಿದ ಮೇಲೆ ಬಲೂನು ಒಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ, ಡೆಸಿಬೆಲ್ ಅಳತೆ ತೋರಿಸುವ ಆಡಿಯೊ ತಂತ್ರಾಂಶದಲ್ಲಿ ತೆರೆಯಿರಿ. ಶಿಖರದಿಂದ 5 ಡೆಸಿಬೆಲ್ ಇಳಿದ ಜಾಗದಿಂದ 25 ಇಳಿದ ಜಾಗದವರೆಗಿನ ಕಾಲವನ್ನು ಮೂರರಿಂದ ಗುಣಿಸಿದರೆ ಅನುರಣನ ಕಾಲ. ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಿರಿ. ತಲೆ–ಬಲೆ ಪರೀಕ್ಷೆಯನ್ನೂ ಅದೇ ಬೆಂಚಿನಲ್ಲಿ ಮತ್ತೊಮ್ಮೆ ಮಾಡಿ.

ಧೂಳು ತೆಗೆಯಲು ವ್ಯಾಕ್ಯೂಮ್ ಸಾಕು, ಒದ್ದೆ ಬಟ್ಟೆ ಬೇಡ. ರಜೆಯಲ್ಲಿ ಬರುವ ಬಣ್ಣದವರು ಚಾವಣಿ ಟೈಲಿಗೂ ರೋಲರ್ ಎಳೆದುಬಿಡುತ್ತಾರೆ. ಸಣ್ಣ ರಂಧ್ರಗಳು ಮುಚ್ಚಿ, ಹೀರುವ ಟೈಲ್ ಒಂದೇ ದಿನದಲ್ಲಿ ಗಾರೆಯಾಗುತ್ತದೆ. ‘ಇದಕ್ಕೆ ಬಣ್ಣ ಹೊಡೆಯಬಾರದು’ ಎಂದು ನಿರ್ವಹಣೆಯ ಪುಸ್ತಕದಲ್ಲಿ ಬರೆಯಿರಿ. ಬಾಗಿಲ ಪಕ್ಕದ ಟೈಲಿನ ಅಂಚಿಗೂ ಒಂದು ಚೀಟಿ ಅಂಟಿಸಿ; ಬಣ್ಣದವರು ಪುಸ್ತಕ ಓದಿ ಕೆಲಸ ಶುರುಮಾಡುವುದಿಲ್ಲ.